ಎತ್ತುಸೇತುವೆಯ ನಾಲ್ಕು ಮೂಲೆಗಳು

ವ್ಯಾನು ಧೌಲಾ ಕುವಾಂ ದಾಟುವವರೆಗೂ ಇಂದುಶೇಖರ ಉಸಿರನ್ನು ಪೂರ್ತಿ ಬಿಟ್ಟಿರಲಿಲ್ಲ. ಹಿಂದಿನ ಸೀಟಿನಲ್ಲಿ ಅವನ ಮತ್ತು ಹೆಂಡತಿ ಪಂಕಜಾಳ ತೊಡೆಗಳ ಮೇಲೆ ಅಡ್ಡಲಾಗಿ ಮೂರೂವರೆ ಅಡಿ ಉದ್ದದ ಹಲಗೆ, ಹಲಗೆಯ ಮೇಲೆ ಅವನ ರೈಲು ಸೇತುವೆ. ಆಚೆಗೊಂದು ಈಚೆಗೊಂದು ಮೊಳದೆತ್ತರದ ಬೂದು ಗೋಪುರ, ನಡುವೆ ಹಳಿ ಹೊತ್ತು ಮಲಗಿದ ಸ್ಪ್ಯಾನು, ಎಂದರೆ ಮೇಲೇಳುವ ನಡುಭಾಗ. ದ್ವಾರಕಾದ ತಮ್ಮ ಸೊಸೈಟಿಯ ಗೇಟಿನ ಹತ್ತಿರವೇ ಒಂದು ಉಬ್ಬಿನ ಮೇಲೆ ವ್ಯಾನು ಹಾರಿದಾಗ ಅವನು ಡ್ರೈವರನಿಗೆ ಭಯ್ಯಾ, ಆಹಿಸ್ತಾ, ಎಂದದ್ದು ಬೇಡಿಕೊಂಡ ಹಾಗೆ ಕೇಳಿಸಿತ್ತು. ಆಮೇಲಿನಿಂದ ಡ್ರೈವರು ಕನ್ನಡಿಯಲ್ಲಿ ಇವರನ್ನೇ ನೋಡುತ್ತ, ಹಸುಗೂಸನ್ನು ಆಸ್ಪತ್ರೆಯಿಂದ ಮನೆಗೆ ಕರೆದೊಯ್ಯುವವನ ಹಾಗೆ ಓಡಿಸುತ್ತಿದ್ದ. ಜನವರಿಯ ಭಾನುವಾರ, ಹತ್ತು ಗಂಟೆಯಾದರೂ ಮಂಜು ಇನ್ನೂ ರಸ್ತೆಯ ಮೇಲೆ ಎದ್ದೇಳದೆ ಬಿದ್ದುಕೊಂಡಿತ್ತು. ಕೆಂಪು ದೀಪಕ್ಕೆ ನಿಂತಲ್ಲೆಲ್ಲ ಪಕ್ಕದ ಆಟೋದೊಳಗಿನವರು ಬಗ್ಗಿ ಈ ಕಡೆ ನೋಡಿದರು. ಇಂದುಶೇಖರ ಮುಂದಕ್ಕೇ ನೋಡುತ್ತ ಕೂತ. ನೋಡುತ್ತಿದ್ದಾರೆಂದು ಗೊತ್ತಿದ್ದೂ ಗೊತ್ತಿಲ್ಲದವನಂತೆ ಕೂರುವುದರಲ್ಲಿ ಎಂಥ ಸುಖವಿದೆಯೆಂದು ಅರವತ್ತೊಂದನೇ ವಯಸ್ಸಿನಲ್ಲಿ ಅವನಿಗೆ ಮೊದಲ ಸಲ ತಿಳಿಯಿತು. ಮೂವತ್ತಾರು ವರ್ಷ ಸರ್ಕಾರಿ ಕಚೇರಿಯೊಂದರ ಸೇತುವೆ ವಿಭಾಗದಲ್ಲಿ ನಕ್ಷೆ ಬರೆದವನು ಅವನು. ಅವನು ಬರೆದ ಗೆರೆಗಳ ಮೇಲೆ ದೇಶದ ಎಷ್ಟೋ ಹೊಳೆಗಳನ್ನು ರೈಲುಗಳು ದಾಟಿವೆ. ಆದರೆ ಅವನ ಕೆಲಸವನ್ನು ದಾರಿಹೋಕರು ಬಗ್ಗಿ ನೋಡಿದ್ದು ಇವತ್ತೇ.

ಪಂಕಜಾ ಎಡಗೈಯಿಂದ ತನ್ನ ಕಡೆಯ ಗೋಪುರವನ್ನು ತಬ್ಬಿ ಹಿಡಿದಿದ್ದಳು. ಹೀಗೆ ಎತ್ತುವ ಸೇತುವೆಗಳು ಯಾವ ಊರಲ್ಲಿವೆ ಎಂದು ಡ್ರೈವರು ಕೇಳಿದ. ಇಂದುಶೇಖರ ಬಾಯಿ ತೆಗೆಯುವುದರೊಳಗೆ ಅವಳೇ, ತನಗೆ ಬರುವಷ್ಟು ಹಿಂದಿಯಲ್ಲಿ, ಹಡಗು ಬಂದರೆ ನಡುವಿನ ಭಾಗ ಲಿಫ್ಟಿನ ಹಾಗೆ ನೆಟ್ಟಗೆ ಮೇಲೆ ಹೋಗುತ್ತದೆ, ಹಡಗು ದಾಟಿದ ಮೇಲೆ ಇಳಿಯುತ್ತದೆ, ಆಗ ರೈಲು ಬರುತ್ತದೆ ಎಂದು ವಿವರಿಸಿದಳು. ವ್ಯಾನು ನಿಜಾಮುದ್ದೀನ್ ಸೇತುವೆ ಹತ್ತಿತು. ಕೆಳಗೆ ಯಮುನೆ ಕಪ್ಪಗೆ, ನೊರೆ ಹೊತ್ತು, ಹರಿಯುವ ಮನಸ್ಸಿಲ್ಲದೆ ನಿಂತಿತ್ತು. ತೊಡೆಯ ಮೇಲಿದ್ದ ಸೇತುವೆ ಯಾವ ಊರಿನದೂ ಅಲ್ಲ. ಪಶ್ಚಿಮ ಕರಾವಳಿಯ ಒಂದು ಅಳಿವೆಗಾಗಿ ಅವನು ಎರಡು ವರ್ಷ ಕೂತು ಅರವತ್ತನಾಲ್ಕು ಹಾಳೆ ಬರೆದದ್ದು, ಅಗತ್ಯವಿಲ್ಲವೆಂಬ ಒಂದು ಸಾಲಿನೊಂದಿಗೆ ಫೈಲು ಮುಚ್ಚಿದ್ದು, ಎಲ್ಲ ಆಗಿ ಇಪ್ಪತ್ತು ವರ್ಷ. ಫೈಲು ಮುಚ್ಚಿದ್ದಕ್ಕೆ ಅವನಿಗೆ ಅಂಥ ದುಃಖವಿರಲಿಲ್ಲ. ಮುಚ್ಚುವ ಮೊದಲು ನಡೆದ ಆ ಸೆಮಿನಾರು ಮಾತ್ರ ಮುಳ್ಳಿನಂತೆ ಉಳಿದುಕೊಂಡಿತ್ತು. ಕತ್ತಲು ಮಾಡಿದ ಸಭಾಂಗಣ, ಹಿಂದಿನ ಸಾಲಿನಲ್ಲಿ ಪ್ರೊಜೆಕ್ಟರಿನ ಪಕ್ಕ ತಾನು. ಮುಂದೆ ತನ್ನ ಮೇಲಧಿಕಾರಿ ಅಶ್ವತ್ಥನಾರಾಯಣ, ಹಾಸನದ ಕಡೆಯವರು, ಮಧ್ಯಾಹ್ನ ಕ್ಯಾಂಟೀನಿನಲ್ಲಿ ಏನ್ರೀ ಇಂದುಶೇಖರ ಎಂದು ಹೆಗಲ ಮೇಲೆ ಕೈಹಾಕಿ ಮಾತಾಡುವವರು. ಗೋಪುರದ ತುದಿಯ ಗಾಲಿಗಳನ್ನು ಒಳಮುಖವಾಗಿ ಕೂರಿಸಿದ ಉಪಾಯ ಇಂದುಶೇಖರನದು. ಆ ಹಾಳೆ ಪರದೆಯ ಮೇಲೆ ಬಂದಾಗ ಅಶ್ವತ್ಥನಾರಾಯಣ ಕಡ್ಡಿಯಿಂದ ತೋರಿಸಿ, ಇದು ನನಗೆ ಹೊಳೆದದ್ದು, ಎಂದರು, ಇಂಗ್ಲಿಷಿನಲ್ಲಿ. ಇಂಗ್ಲಿಷಿನ 'ನಾನು' ಒಂದೇ ಅಕ್ಷರ; ನೆಟ್ಟಗೆ, ಒಂಟಿಯಾಗಿ, ಪಕ್ಕದಲ್ಲಿ ಇನ್ನೊಂದಕ್ಕೆ ಜಾಗವಿಲ್ಲದ ಹಾಗೆ ನಿಲ್ಲುವ ಅಕ್ಷರ. ಇಂದುಶೇಖರ ಮುಂದಿನ ಹಾಳೆ ಇಟ್ಟ. ಆವತ್ತಿನಿಂದ, ಸ್ನಾನ ಮಾಡುವಾಗ, ಬಸ್ಸಿಗೆ ಕಾಯುವಾಗ, ಅಶ್ವತ್ಥನಾರಾಯಣ ಏನು ಹೇಳಬೇಕಾಗಿತ್ತು ಎಂಬ ವಾಕ್ಯವನ್ನು ಅವನು ಅವರ ಪರವಾಗಿ ನೂರು ರೀತಿಯಲ್ಲಿ ರಚಿಸಿದ್ದ. ಅದು ಬಹಳ ಚಿಕ್ಕ ವಾಕ್ಯ. ಎರಡು ಸೆಕೆಂಡು ಸಾಕಾಗುತ್ತಿತ್ತು.

ಅವರು ಹೊರಟಿದ್ದ ಇಂದಿರಾಪುರಂನ ಸೊಸೈಟಿಯಲ್ಲಿ ಹದಿನಾಲ್ಕು ಅಂತಸ್ತಿನ ಎಂಟು ಕಟ್ಟಡಗಳಿದ್ದವು. ಕ್ಲಬ್‌ಹೌಸಿನ ಬಾಗಿಲಲ್ಲಿ ಸುಹಾಸ್ ಕಾಯುತ್ತಿದ್ದ. ಹುಬ್ಬಳ್ಳಿಯವನು, ನೊಯ್ಡಾದ ಕಂಪನಿಯೊಂದರಲ್ಲಿ ಕೆಲಸ, ಮಾಡೆಲ್ ರೈಲಿನ ಹುಚ್ಚು. ಇಂಟರ್ನೆಟ್ಟಿನ ಗುಂಪೊಂದರಲ್ಲಿ ಇಂದುಶೇಖರನ ಸೇತುವೆಯ ಫೋಟೋ ನೋಡಿ ಫೋನು ಮಾಡಿದ್ದ, ಇದನ್ನು ನಮ್ಮ ಪ್ರದರ್ಶನದ ಹಳಿಯ ಮೇಲೆ ಕೂರಿಸೋಣ ಸರ್, ಎಂದಿದ್ದ. ಒಳಗಿನ ಹಾಲಿನ ಉದ್ದಕ್ಕೂ ಮೇಜುಗಳನ್ನು ಜೋಡಿಸಿ, ಬೆಟ್ಟ, ಸುರಂಗ, ಸ್ಟೇಷನ್ನು ಎಲ್ಲ ಮಾಡಿದ್ದರು. ಕಿಟಕಿಯ ಪಕ್ಕ ಎರಡು ಮೇಜುಗಳ ನಡುವೆ ಮೂರೂವರೆ ಅಡಿ ಖಾಲಿ ಬಿಟ್ಟಿದ್ದರು. ಆ ಖಾಲಿ ಜಾಗವನ್ನು ಕಂಡು ಇಂದುಶೇಖರನ ಎದೆ ಒಮ್ಮೆ ಹಾರಿತು. ಇಷ್ಟು ಜನ, ಇಷ್ಟು ಹಳಿ, ಎಲ್ಲ ಬಂದು ಅಲ್ಲಿ ನಿಂತುಬಿಟ್ಟಿದೆ, ತನಗಾಗಿ. ಸೇತುವೆಯನ್ನು ಇಬ್ಬರು ಹಿಡಿದು ಇಳಿಸಿದರು. ಕೂತಿತು. ಒಂದು ಕಾಗದದ ದಪ್ಪದಷ್ಟೂ ಹೆಚ್ಚುಕಡಿಮೆ ಇರಲಿಲ್ಲ. ಸುಹಾಸ್ ಹಳಿಯ ಜೋಡಣೆಯ ಮೇಲೆ ಬೆರಳು ಸವರಿ, ಗೊತ್ತೇ ಆಗುವುದಿಲ್ಲ ಸರ್, ಎಂದ. ನಕ್ಷೆಯಲ್ಲಿದ್ದ ಸೇತುವೆಯ ಎಂಬತ್ತೇಳರಲ್ಲಿ ಒಂದು ಪಾಲು; ಹದಿನಾಲ್ಕು ತಿಂಗಳ ಕೆಲಸ. ನಂಬರ್ ಪ್ಲೇಟ್ ಮಾಡುವ ಅಂಗಡಿಯಿಂದ ತಂದ ತಗಡಿನ ಚೂರುಗಳ ಮೇಲೆ ಕೈವಾರದ ಮೊನೆಯಿಂದ ಒಂದೊಂದಾಗಿ ಒತ್ತಿ ಎಬ್ಬಿಸಿದ ಎರಡು ಸಾವಿರದ ಮುನ್ನೂರ ಹನ್ನೆರಡು ರಿವೆಟ್ಟುಗಳು. ತೂಕ ಸರಿದೂಗಿಸುವ ದಿಮ್ಮಿಗಳೊಳಗೆ ಟೈರಿನಂಗಡಿಯವನು ಚಕ್ರಕ್ಕೆ ಬಡಿಯುವ ಸೀಸ. ಹಲಗೆಯ ಕೆಳಗಿನ ಪೆಟ್ಟಿಗೆಯಲ್ಲಿ ಹಳೆಯ ಟೇಪ್‌ರೆಕಾರ್ಡರಿನ ಮೋಟರು, ಅದು ತಿರುಗಿಸುವ ನಾಲ್ಕು ಉರುಳೆ. ಒಂದೊಂದು ಉರುಳೆಯ ದಾರ ಗೋಪುರದ ನೆತ್ತಿಗೆ ಹತ್ತಿ ಇಳಿದು ಸ್ಪ್ಯಾನಿನ ಒಂದೊಂದು ಮೂಲೆಯನ್ನು ಹಿಡಿದಿತ್ತು. ಹನ್ನೊಂದೂವರೆಗೆ ಹಾಲಿನಲ್ಲಿ ಜನ ತುಂಬಿದಾಗ ಸುಹಾಸ್ ಎಲ್ಲರನ್ನೂ ಸುಮ್ಮನಿರಿಸಿದ. ಇಂದುಶೇಖರ ಗುಂಡಿ ಒತ್ತಿದ. ಸ್ಪ್ಯಾನು ಅಲುಗಾಡದೆ, ತಟ್ಟೆಯಲ್ಲಿ ತುಂಬಿದ ಲೋಟ ಎತ್ತಿದ ಹಾಗೆ, ನಾಲ್ಕೂ ಮೂಲೆ ಸಮನಾಗಿ, ನಲವತ್ತು ಸೆಕೆಂಡಿನಲ್ಲಿ ಗೋಪುರದ ನೆತ್ತಿ ಸೇರಿತು. ಅಲ್ಲಿ ನಿಂತಿತು. ಇಳಿಯಿತು. ನೀಲಿ ಡೀಸೆಲ್ ಎಂಜಿನ್ನು ಒಂಬತ್ತು ಬೋಗಿಗಳನ್ನು ಎಳೆದುಕೊಂಡು ಅದರ ಮೇಲೆ ಹಾದುಹೋಯಿತು. ಚಪ್ಪಾಳೆ ಬಿತ್ತು. ಮೂವತ್ತಾರು ವರ್ಷದಲ್ಲಿ ಯಾವ ಸೇತುವೆಯ ಉದ್ಘಾಟನೆಗೂ ಅವನನ್ನು ಯಾರೂ ಕರೆದಿರಲಿಲ್ಲ.

ಗುಂಪು ಕರಗಿದ ಮೇಲೂ ಒಬ್ಬ ಹುಡುಗಿ ಮಂಡಿಯೂರಿ ಪೆಟ್ಟಿಗೆಯ ಕಿರುಬಾಗಿಲೊಳಗೆ ಇಣುಕುತ್ತ ಉಳಿದಳು. ಸುಹಾಸನ ಗೆಳತಿ ಹರಿಣಿ, ಮೈಸೂರಿನವಳು, ಗುಡಗಾಂವಿನಲ್ಲಿ ಯಂತ್ರಗಳ ವಿನ್ಯಾಸ ಮಾಡುವ ಇಂಜಿನಿಯರು. ಎದ್ದು ನಿಂತು, ಉರುಳೆಗೆ ಹೀಗೆ ಸುರುಳಿ ತೋಡು ಕೊರೆದು ದಾರ ಪಕ್ಕಪಕ್ಕಕ್ಕೇ ಕೂರುವ ಹಾಗೆ ಮಾಡಿದ್ದೀರಲ್ಲ, ಇದಿಲ್ಲದಿದ್ದರೆ ಒಂದು ಮೂಲೆ ಮುಂದೆ ಓಡಿಬಿಡುತ್ತಿತ್ತು, ಎಂದಳು. ಇಡೀ ಹಾಲಿನಲ್ಲಿ ಅವಳೊಬ್ಬಳು ರಿವೆಟ್ಟು ನೋಡದೆ ಉರುಳೆ ನೋಡಿದ್ದಳು.

"ನಮ್ಮ ಡಿಸೈನಲ್ಲೇ ಒಂದ್ಸಲ ಇದನ್ನ ಮರೆತಿದ್ವಿ ಸರ್. ನಿಮಗೆ ಹೇಗೆ ಹೊಳೀತು?"

"ಮೂರು ತಿಂಗಳು ಇದರ ಹಿಂದೇ ಬಿದ್ದಿದ್ದೆ," ಎಂದ ಇಂದುಶೇಖರ. "ಒಂದು ದಿನ ನನಗೇ ಹೊಳೀತು."

ಪಂಕಜಾ ಅವನ ಬಲಗಡೆ, ಒಂದು ಗೇಣು ದೂರದಲ್ಲಿ, ತಿಂಡಿಯ ಡಬ್ಬಿಯ ಚೀಲ ಹಿಡಿದು ನಿಂತಿದ್ದಳು. ಅವಳು ಅವನ ಕಡೆ ತಿರುಗಲಿಲ್ಲ. ಸೇತುವೆಯನ್ನೇ ಒಂದಿಷ್ಟು ಹೊತ್ತು ನೋಡಿದಳು, ಚೀಲವನ್ನು ಎಡಗೈಯಿಂದ ಬಲಗೈಗೆ ಬದಲಿಸಿಕೊಂಡಳು, ಹಾಲಿನ ಆ ತುದಿಯಲ್ಲಿ ಬಿಸಿಲು ಬಿದ್ದಿದ್ದ ಕಡೆಯ ಪ್ಲಾಸ್ಟಿಕ್ ಕುರ್ಚಿಗಳತ್ತ ನಡೆದುಹೋದಳು. ಕಾಲು ನೋಯುತ್ತಿರಬೇಕು ಎಂದುಕೊಂಡ. ಹಾಗೆ ಅಂದುಕೊಳ್ಳುತ್ತಿರುವಾಗಲೇ ಅದು ಸುಳ್ಳೆಂದು ಅವನಿಗೆ ಗೊತ್ತಿತ್ತು. ಹರಿಣಿ ಇನ್ನೂ ಏನೋ ಕೇಳುತ್ತಿದ್ದಳು. ಅವನು ಉತ್ತರ ಹೇಳುತ್ತಿದ್ದ, ಸರಿಯಾದ ಉತ್ತರಗಳನ್ನೇ. ಆದರೆ ಕಿವಿಯಲ್ಲಿ ತನ್ನ 'ನನಗೇ' ಎಂಬುದರ ದೀರ್ಘ ಮಾತ್ರ ಮೊಳಗುತ್ತಿತ್ತು. ಆ ದೀರ್ಘವನ್ನು ಎಳೆಯುವ ಅಗತ್ಯವೇನಿತ್ತು? ಹೊಳೀತು ಎಂದಷ್ಟೇ ಹೇಳಬಹುದಾಗಿತ್ತು. ಯಾರಿಗೆ ಎಂದು ಹೇಳದೆಯೂ ನಿಭಾಯಿಸಲು ಬರುವ ಭಾಷೆ ಇದು. ಅವನಿಗೆ ಆಶ್ಚರ್ಯವಾದದ್ದು ಮಾತು ಬಂದ ರೀತಿಯಿಂದ. ಯೋಚಿಸಿ ಕದ್ದದ್ದಲ್ಲ. ಕೆಮ್ಮು ಬಂದ ಹಾಗೆ ಬಂತು. ಹಾಗಾದರೆ ಆವತ್ತು ಅಶ್ವತ್ಥನಾರಾಯಣರಿಗೂ ಹೀಗೇ ಬಂದಿರಬೇಕೇ? ಕಡ್ಡಿ ಹಿಡಿದ ಕೈ, ಎದುರಿಗೆ ಜನ, ಬಾಯಿಗೆ ಹತ್ತಿರವಿದ್ದ ಶಬ್ದ. ಇಪ್ಪತ್ತು ವರ್ಷ ತಾನು ಕಳ್ಳನೆಂದು ಕರೆದ ಮನುಷ್ಯ ಬರೀ ಒಂದು ಕೆಮ್ಮು ಕೆಮ್ಮಿದ್ದಷ್ಟೇ ಏನು? ಈ ಯೋಚನೆಯಿಂದ ಸಮಾಧಾನವಾಗಲಿಲ್ಲ. ಬದಲಿಗೆ, ಆ ಕೆಮ್ಮಿನ ಮಾರನೇ ದಿನ ಅವರಿಗೆ ಗೊತ್ತಾಗಿರಬೇಕು, ಆ ವಾರವೆಲ್ಲ ಗೊತ್ತಿರಬೇಕು, ಆದರೂ ಕ್ಯಾಂಟೀನಿನಲ್ಲಿ ಹೆಗಲ ಮೇಲೆ ಕೈಹಾಕಿದರು, ಎಂಬುದು ಇನ್ನಷ್ಟು ಸ್ಪಷ್ಟವಾಯಿತು.

ಹೊಳೆದದ್ದು ಪಂಕಜಾಳಿಗೆ. ಹೋದ ಜುಲೈ, ಕರೆಂಟು ಹೋಗಿ ಬಂದು ಮಾಡುತ್ತಿದ್ದ ಒಂದು ಮಧ್ಯಾಹ್ನ. ಸ್ಪ್ಯಾನು ಅರ್ಧ ಏರುವಷ್ಟರಲ್ಲಿ ಒಂದು ಮೂಲೆ ಮುಂದೆ ಹೋಗಿ, ಓರೆಯಾಗಿ, ಗೋಪುರದ ಕಂಬಕ್ಕೆ ಸಿಕ್ಕಿಕೊಂಡು ನಿಲ್ಲುತ್ತಿತ್ತು. ಪ್ರತಿಸಲವೂ ಒಂದೊಂದು ಮೂಲೆ. ಅವನು ದಾರ ಬದಲಿಸಿದ್ದ, ಸೀಸ ಹೆಚ್ಚಿಸಿದ್ದ, ಕಂಬಗಳನ್ನು ಎರಡು ಸಲ ಬಿಚ್ಚಿ ಕಟ್ಟಿದ್ದ. ಪಕ್ಕದ ಕೋಣೆಯಲ್ಲಿ ಹೊಲಿಗೆ ಮಿಷನ್ನಿನ ಮುಂದೆ ಕೂತಿದ್ದ ಪಂಕಜಾ ಎದ್ದು ಬಂದು, ಎರಡು ಸಲ ಏರಿಸಿ ತೋರಿಸಿ, ಎಂದಳು. ಅವನು ಬೆವರು ಒರೆಸಿಕೊಳ್ಳುತ್ತ, ಇದು ನಿನ್ನ ರವಿಕೆಯಲ್ಲ, ಎಂದಿದ್ದ. ಅವಳು ಅದನ್ನು ಕೇಳಿಸಿಕೊಳ್ಳದವಳ ಹಾಗೆ ಬಗ್ಗಿ ಉರುಳೆಗಳನ್ನು ನೋಡಿ, ದಾರದ ಮೇಲೆ ದಾರ ಕೂರುತ್ತಿದೆ, ಬಾಬಿನ್ನು ದಪ್ಪಗಾದಷ್ಟೂ ಒಂದು ಸುತ್ತಿಗೆ ಹೆಚ್ಚು ದಾರ ಎಳೆಯುತ್ತದೆ, ಯಾವುದರ ಮೇಲೆ ಮೊದಲು ಗುಪ್ಪೆ ಬೀಳುತ್ತೋ ಆ ಮೂಲೆ ಓಡುತ್ತದೆ, ಎಂದು ಹೇಳಿ ಸೀಟಿ ಹೊಡೆದ ಕುಕ್ಕರಿನ ಉರಿ ಆರಿಸಲು ಹೋದಳು. ಮೂರು ದಿನ ಬಿಟ್ಟು, ಅವಳು ತರಕಾರಿಗೆ ಹೋಗಿದ್ದಾಗ, ಅವನು ಕಳ್ಳನ ಹಾಗೆ ಒಂದೊಂದು ಸುತ್ತನ್ನೂ ಎಣಿಸಿ ನೋಡಿದ. ಅವಳು ಹೇಳಿದಷ್ಟೇ, ಕೂದಲೆಳೆಯಷ್ಟೂ ಬೇರೆಯಲ್ಲ. ಮಾಯಾಪುರಿಯ ಲೇತ್ ಅಂಗಡಿಯವನ ಹತ್ತಿರ ತೋಡು ಕೊರೆದ ಅಗಲವಾದ ಹೊಸ ಉರುಳೆಗಳನ್ನು ಮಾಡಿಸಿ ತಂದು ಹಾಕಿದ. ಸ್ಪ್ಯಾನು ಏರಿತು. ಆ ಸಂಜೆ ಅವಳು ಹೊಸ ಉರುಳೆಗಳನ್ನು ನೋಡಿದಳು, ಏರುವುದನ್ನೂ ನೋಡಿದಳು, ಚೆನ್ನಾಗಾಯಿತು ಎಂದಳು. ಹೌದು, ಎಂದ ಅವನು. ಹೌದು ಎಂದದ್ದು ಯಾವುದಕ್ಕೆ ಎಂದು ಇಬ್ಬರೂ ಕೇಳಿಕೊಳ್ಳಲಿಲ್ಲ. ಅವಳು ಹೇಳಿಸಿಕೊಳ್ಳಲು ಕಾಯುತ್ತಿರಲಿಲ್ಲ ಎಂದು ಇಷ್ಟು ದಿನ ನಂಬಿದ್ದ. ಕಾಯುವವರು ಹೇಗಿರುತ್ತಾರೆ ಎಂಬುದು ಜಗತ್ತಿನಲ್ಲಿ ಯಾರಿಗಾದರೂ ಗೊತ್ತಿದ್ದರೆ ಅದು ಅವನಿಗೆ. ಕಾಯುವವರು ಮುಂದಿನ ಹಾಳೆ ಇಡುತ್ತಾರೆ.

ಒಂದು ಗಂಟೆಗೆ ಸುಹಾಸ್ ಬಂದು, ಆಂಟಿ ಕೊಟ್ಟರು, ಎಂದು ಚಿತ್ರಾನ್ನದ ಡಬ್ಬಿ ಕೈಗಿಟ್ಟ. ಚಮಚ, ಮಡಿಸಿದ ಕರವಸ್ತ್ರ, ಊಟದ ನಂತರದ ಗುಳಿಗೆ, ಎಲ್ಲ ಇತ್ತು. ಅವಳೇ ತರಬಹುದಾಗಿತ್ತು. ಅಷ್ಟು ದೂರದಿಂದ ನೋಡಿದ: ಬಿಸಿಲಿನಲ್ಲಿ ಕೂತು, ಯಾರದೋ ಅಜ್ಜಿಯ ಜೊತೆ ಮಾತಾಡುತ್ತ, ಅವರ ಸ್ವೆಟರಿನ ತೋಳನ್ನು ತಿರುವಿ ಹೆಣಿಗೆ ನೋಡುತ್ತಿದ್ದಳು. ಹೋಗಿ ಪಕ್ಕದಲ್ಲಿ ಕೂತು, ತಪ್ಪಾಯಿತು ಮಾರಾಯ್ತಿ, ಎಂದರೆ ಮುಗಿಯುತ್ತಿತ್ತು. ಆದರೆ ಅದು ಮನೆಯೊಳಗಿನ ಮಾತು. ಹೇಳಿದ ಸುಳ್ಳು ಹೊರಗಿನದು. ಸೆಮಿನಾರಿನ ಮಾರನೇ ದಿನ ಅಶ್ವತ್ಥನಾರಾಯಣ ಕೋಣೆಗೆ ಕರೆದು ಬಾಗಿಲು ಮುಚ್ಚಿ ಕ್ಷಮೆ ಕೇಳಿದ್ದರೆ ತಾನು ಏನು ಮಾಡುತ್ತಿದ್ದೆ? ಪರವಾಗಿಲ್ಲ ಸಾರ್, ಎನ್ನುತ್ತಿದ್ದೆ. ಮತ್ತು ಮುಳ್ಳು ಅಲ್ಲೇ ಇರುತ್ತಿತ್ತು. ಚಿತ್ರಾನ್ನವನ್ನು ಪೂರ್ತಿ ಉಂಡ, ಡಬ್ಬಿ ಖಾಲಿಯಾಗದೆ ಹಿಂದಿರುಗಿದರೆ ಅವಳಿಗೆ ಗೊತ್ತಾಗುತ್ತದೆಂದು.

ಮಧ್ಯಾಹ್ನ ಎರಡು ಗಂಟೆಯ ಪ್ರದರ್ಶನಕ್ಕೆ ಬೆಳಗಿನದಕ್ಕಿಂತ ಹೆಚ್ಚು ಜನ. ಹಿಂದಿನ ಸಾಲಿನವರು ಕುರ್ಚಿಗಳ ಮೇಲೆ ಹತ್ತಿ ನಿಂತಿದ್ದರು. ಡೀಸೆಲ್ ಎಂಜಿನ್ನು ಸುರಂಗದ ಬಾಯಲ್ಲಿ ದೀಪ ಹೊತ್ತಿಸಿಕೊಂಡು ಕಾಯುತ್ತಿತ್ತು. ಇಂದುಶೇಖರ ಗುಂಡಿ ಒತ್ತಿದ. ಸ್ಪ್ಯಾನು ಒಂದು ಗೇಣು ಏರಿತು. ಆಮೇಲೆ, ಅವನ ಕಣ್ಣಿಗೆ ಮಾತ್ರ ಕಾಣುವಷ್ಟು, ಎಡಗಡೆಯ ಹಿಂದಿನ ಮೂಲೆ ಮುಂದಾಯಿತು. ಕೈ ಗುಂಡಿ ಬಿಡುವುದರೊಳಗೆ ಎಲ್ಲರ ಕಣ್ಣಿಗೂ ಕಂಡಿತು. ಓರೆಯಾಗಿ, ಕಂಬಕ್ಕೆ ಕಚ್ಚಿಕೊಂಡು, ನಿಂತಿತು. ಯಾರೋ ಅಯ್ಯೋ ಎಂದರು, ಯಾರೋ ನಕ್ಕರು. ಅವನಿಗೆ ಏನಾಗಿದೆಯೆಂದು ಕೂಡಲೇ ತಿಳಿಯಿತು: ವ್ಯಾನಿನ ಕುಲುಕಾಟಕ್ಕೆ ಸಡಿಲವಾಗಿದ್ದ ದಾರ ಒಂದು ಉರುಳೆಯ ತೋಡು ತಪ್ಪಿ ಪಕ್ಕದ ಸುತ್ತಿನ ಮೇಲೆ ಹತ್ತಿದೆ. ಕೋಟಿನ ಜೇಬಿನಲ್ಲಿ ಚಿಮುಟವಿತ್ತು. ಎರಡು ನಿಮಿಷದ ಕೆಲಸ. ಬಗ್ಗಿ ಕಿರುಬಾಗಿಲು ತೆಗೆದು ದಾರವನ್ನು ಜಾಗಕ್ಕೆ ತಂದರೆ ಮತ್ತೆ ಚಪ್ಪಾಳೆ ಬೀಳುತ್ತದೆ, ಬೆಳಗಿನದಕ್ಕಿಂತ ಜೋರಾಗಿ. ಕೈ ಜೇಬಿಗೆ ಹೋಯಿತು. ಚಿಮುಟದ ತಣ್ಣನೆಯ ಕಾಲುಗಳು ಬೆರಳಿಗೆ ತಾಗಿದವು. ಆ ಕ್ಷಣದಲ್ಲಿ ಅವನು ಒಳ್ಳೆಯವನಾಗಬೇಕೆಂದೇನೂ ಯೋಚಿಸಲಿಲ್ಲ. ಇಷ್ಟು ಜನ ಇನ್ನೊಮ್ಮೆ ಸಿಗುವುದಿಲ್ಲ ಎಂದು ಮಾತ್ರ ಹೊಳೆಯಿತು, ಅದೂ ಸಿಟ್ಟಿನ ಹಾಗೆ. ಕೈಯನ್ನು ಖಾಲಿಯಾಗಿಯೇ ಹೊರಗೆ ತೆಗೆದ.

"ಪಂಕಜಾ," ಎಂದು ಕರೆದ. ಮೂವತ್ತು ವರ್ಷದ ಸಂಸಾರದಲ್ಲಿ ಜನರ ನಡುವೆ ಅವಳನ್ನು ಹೆಸರು ಹಿಡಿದು ಅಷ್ಟು ದೂರಕ್ಕೆ ಕೇಳುವಂತೆ ಕರೆದಿರಲಿಲ್ಲ. "ಸ್ವಲ್ಪ ಬಾ. ದಾರ ತೋಡು ತಪ್ಪಿದೆ."

ಜನ ತಿರುಗಿ ನೋಡಿದರು. ಅವಳು ಕುರ್ಚಿಯಿಂದ ಏಳಲಿಲ್ಲ.

"ನಿಮಗೇ ಬರುತ್ತಲ್ಲ," ಎಂದಳು. ಸಿಟ್ಟಿರಲಿಲ್ಲ ಧ್ವನಿಯಲ್ಲಿ, ಇದ್ದಿದ್ದರೆ ಸುಲಭವಾಗುತ್ತಿತ್ತು.

ಇಂದುಶೇಖರ ಹರಿಣಿ ಎಲ್ಲಿದ್ದಾಳೆಂದು ಹುಡುಕಿದ. ಸುಹಾಸನ ಹಿಂದೆ ನಿಂತಿದ್ದಳು. ಅವಳಿಗೆ ಕನ್ನಡದಲ್ಲಿ ಹೇಳಿದರೆ ಅವಳೊಬ್ಬಳಿಗೇ ತಿಳಿಯುತ್ತದೆ. ಆದ್ದರಿಂದ ಕಚೇರಿಯಲ್ಲಿ ಕಲಿತ, ಲಿಂಗ ವಚನ ಯಾವತ್ತೂ ಸರಿಯಾಗದ ತನ್ನ ಹಿಂದಿಯಲ್ಲಿ, ಎಲ್ಲರಿಗೂ ಕೇಳುವಂತೆ ಹೇಳತೊಡಗಿದ. ಬೆಳಿಗ್ಗೆ ಈ ಹುಡುಗಿ ಕೇಳಿದ ಪ್ರಶ್ನೆಗೆ ತಾನು ತಪ್ಪು ಉತ್ತರ ಕೊಟ್ಟೆ, ಈ ಉರುಳೆ ತನಗೆ ಹೊಳೆದದ್ದಲ್ಲ, ಮೂರು ತಿಂಗಳು ತಲೆ ಕೆಡಿಸಿಕೊಂಡರೂ ಹೊಳೆಯಲಿಲ್ಲ, ಅಗೋ ಅಲ್ಲಿ ಕೂತಿರುವ ತನ್ನ ಹೆಂಡತಿ ಹೊಲಿಗೆ ಮಿಷನ್ನಿನ ಬಾಬಿನ್ನು ನೋಡಿ ಎರಡು ನಿಮಿಷದಲ್ಲಿ ಹೇಳಿದಳು, ತಾನು ಅವಳಿಗೂ ಇದನ್ನು ಇದುವರೆಗೆ ಹೇಳಿಲ್ಲ, ಎಂದ. ನಡುವೆ ಒಂದು ಕಡೆ ಸೇತುವೆಯನ್ನು ಸ್ತ್ರೀಲಿಂಗ ಮಾಡಿದ, ಹೆಂಡತಿಯನ್ನು ಪುಲ್ಲಿಂಗ ಮಾಡಿದ. ಯಾರೂ ನಗಲಿಲ್ಲ. ಮುಖ ಕಿವಿಯವರೆಗೂ ಬಿಸಿಯಾಗಿತ್ತು. ನಾಚಿಕೆಯೆಂದು ಮೊದಲು ಅನಿಸಿತು. ಆಮೇಲೆ, ಬೆಳಿಗ್ಗೆ ಚಪ್ಪಾಳೆ ಬಿದ್ದಾಗ ಆಗದಿದ್ದ ಒಂದು ಅಗಲ ಎದೆಯೊಳಗೆ ಆಗುತ್ತಿರುವುದು ತಿಳಿಯಿತು; ಅದಕ್ಕೆ ಹೆಸರಿಡಲು ಆಗಲಿಲ್ಲ. ಇಪ್ಪತ್ತು ವರ್ಷ ಇನ್ನೊಬ್ಬರ ಬಾಯಲ್ಲಿ ಇಟ್ಟು ತಿದ್ದುತ್ತಿದ್ದ ವಾಕ್ಯ ತನ್ನ ಬಾಯಿಂದ ಬಂದಿತ್ತು, ವ್ಯಾಕರಣವಿಲ್ಲದೆ.

ಪಂಕಜಾ ಎದ್ದು ಬಂದಳು. ಜನ ದಾರಿ ಬಿಟ್ಟರು. ಅವನ ಮುಖ ನೋಡದೆಯೇ ಶಾಲು ತೆಗೆದು ಅವನ ಕೈಗೆ ಕೊಟ್ಟು, ನೆಲದ ಮೇಲೆ ಮಂಡಿಯೂರಿ, ಬಳೆಗೆ ಸಿಕ್ಕಿಸಿಕೊಂಡಿದ್ದ ಪಿನ್ನು ಬಿಚ್ಚಿ ಪೆಟ್ಟಿಗೆಯೊಳಗೆ ಕೈಹಾಕಿದಳು. ಮೋಟರನ್ನು ಹಿಂದಕ್ಕೆ ನಾಲ್ಕು ಸುತ್ತು ಬಿಡಿ, ಎಂದಳು. ಬಿಟ್ಟ. ಸಾಕು, ಎಂದಳು. ನಿಲ್ಲಿಸಿದ. ಅವಳ ಬೆರಳು ಕಾಣುತ್ತಿರಲಿಲ್ಲ. ನರೆತ ತಲೆಯ ಬೈತಲೆ ಮಾತ್ರ ಕಾಣುತ್ತಿತ್ತು. ಕಂಬಕ್ಕೆ ಕಚ್ಚಿದ್ದ ಮೂಲೆ ಒಂದು ಸಣ್ಣ ಸದ್ದಿನೊಂದಿಗೆ ಬಿಟ್ಟುಕೊಂಡು ಸಮನಾಗಿ ಕೂತಿತು. ಹರಿಣಿ ಅವಳ ಪಕ್ಕದಲ್ಲೇ ಕೂತು ಮೊಬೈಲಿನ ಬೆಳಕು ಹಿಡಿದಿದ್ದಳು.

"ಈಗ ಒತ್ತಿ," ಎಂದಳು ಪಂಕಜಾ.

ಒತ್ತಿದ. ನಾಲ್ಕೂ ಮೂಲೆ ಒಟ್ಟಿಗೆ ಏರಿದವು. ಏರಿ, ನಿಂತು, ಇಳಿದವು. ರೈಲು ಸುರಂಗದಿಂದ ಹೊರಬಂದು ಸೇತುವೆಯ ಮೇಲೆ ಹಾಯುವಾಗ ಅವನು ರೈಲನ್ನು ನೋಡುತ್ತಿರಲಿಲ್ಲ. ಪಂಕಜಾ ಇನ್ನೂ ಮಂಡಿಯೂರಿಯೇ ಇದ್ದಳು, ಕಣ್ಣು ಉರುಳೆಗಳ ಮೇಲೆ, ತುಟಿ ಸ್ವಲ್ಪ ಬಿಗಿದು. ಅವಳಿಗೆ ಚಪ್ಪಾಳೆ ಕೇಳಿಸಿದ ಹಾಗಿರಲಿಲ್ಲ. ತಾನು ಮೂವತ್ತಾರು ವರ್ಷ ನಕ್ಷೆಯ ಹಲಗೆಯ ಮುಂದೆ ಕೂತಾಗ ತನ್ನ ಮುಖ ಹೀಗಿತ್ತೇ? ಇದ್ದಿರಬೇಕು. ಆಗ ನೋಡಲು ಯಾರೂ ಇರಲಿಲ್ಲ. ಈಗ ಇವಳ ಮುಖ ನೋಡಲು ತಾನಿದ್ದೇನೆ ಎಂಬುದು ಅವನಿಗೆ ವಿಚಿತ್ರವಾದ ಹೆಚ್ಚುಗಾರಿಕೆಯಾಗಿ ಕಂಡಿತು, ಯಾರೋ ಕರೆದು ಕೊಟ್ಟ ಪದವಿಯ ಹಾಗೆ.

ಆಮೇಲೆ ಜನ ಅವಳ ಸುತ್ತ ಸೇರಿದರು. ಸ್ವೆಟರಿನ ಅಜ್ಜಿ ಎಲ್ಲರಿಗಿಂತ ಮುಂದೆ. ಪಂಕಜಾ ತನ್ನ ಅರೆಬರೆ ಹಿಂದಿಯಲ್ಲಿ, ಎಡಗೈಯ ಹೆಬ್ಬೆರಳನ್ನು ಬಾಬಿನ್ನು ಮಾಡಿಕೊಂಡು ಬಲಗೈಯಿಂದ ಇಲ್ಲದ ದಾರವನ್ನು ಸುತ್ತುತ್ತ, ದಪ್ಪಗಾದಂತೆ ಹೇಗೆ ಓಟ ಹೆಚ್ಚುತ್ತದೆಂದು ತೋರಿಸುತ್ತಿದ್ದಳು. ಇಂದುಶೇಖರ ಎರಡು ಹೆಜ್ಜೆ ಹಿಂದೆ, ಶಾಲು ಹೊತ್ತು ನಿಂತಿದ್ದ. ಮಫ್ಲರು ಸುತ್ತಿಕೊಂಡಿದ್ದ ಒಬ್ಬರು ಹತ್ತಿರ ಬಂದು, ಇದನ್ನು ಕಟ್ಟಿದವರು ಅವರೇ ಏನು, ಎಂದು ಕೇಳಿದರು. ಹೌದು, ಎಂದ; ಆಮೇಲೆ, ಕಂಬ ಮತ್ತು ರಿವೆಟ್ಟು ನನ್ನದು, ಎತ್ತುವುದು ಅವರದು, ಎಂದು ಸೇರಿಸಿದ. ರಿವೆಟ್ಟನ್ನು ಬಿಟ್ಟುಕೊಡಲು ಅವನಿಗೆ ಮನಸ್ಸಾಗಲಿಲ್ಲ.

"ರೀ," ಎಂದು ಪಂಕಜಾ ತಿರುಗಿದಳು. ಬೆಳಗಿನ ಆ ಮಾತಿನ ನಂತರ ಮೊದಲ ಸಲ ಅವನ ಮುಖ ನೋಡಿದಳು. ನಗು ತಡೆದುಕೊಂಡಿದ್ದಳೋ ಇನ್ನೂ ಕ್ಷಮಿಸದೆ ಇಟ್ಟುಕೊಂಡಿದ್ದಳೋ, ಅವನಿಗೆ ತಿಳಿಯಲಿಲ್ಲ. "ಮೊದಲಿನ ಉರುಳೆ ಹೇಗಿತ್ತು, ಯಾಕೆ ಕೆಟ್ಟುಹೋಯ್ತು ಅಂತ ಇವರು ಕೇಳ್ತಿದ್ದಾರೆ. ಅದು ನಿಮ್ಮದಲ್ವಾ. ನೀವೇ ಬಂದು ಹೇಳಿ."

ಜನ ಅವನಿಗೂ ದಾರಿ ಬಿಟ್ಟರು. ಇಂದುಶೇಖರ ಹೋಗಿ ಅವಳ ಪಕ್ಕದಲ್ಲಿ ನಿಂತ, ಗಂಟಲು ಸರಿಮಾಡಿಕೊಂಡ, ಮತ್ತು ತನ್ನ ಮೂರು ತಿಂಗಳ ತಪ್ಪನ್ನು ಮೊದಲಿನಿಂದ, ಒಂದು ಸುತ್ತನ್ನೂ ಬಿಡದೆ, ಇಡೀ ಹಾಲಿಗೆ ಕೇಳುವ ಧ್ವನಿಯಲ್ಲಿ ವಿವರಿಸತೊಡಗಿದ.